ಗಿಡ್ಯಾನ್ನ ಇಳಿಸೋರು ಯಾರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಜೋರಾದ ಮೇಲೆ ಕರಬಸಪ್ಪನವರ ಮನೆಯಲ್ಲಿ ಯಾರೂ ಕೂಡಿ ಕೂತು ಉಣ್ಣುವುದಿಲ್ಲ. ಕೆಳಗೆ ಗೋದಾಮು, ಮೇಲೆ ಮನೆ. ಸೋಮವಾರ, ಗುರುವಾರ ಮಾರುಕಟ್ಟೆ ಇದ್ದ ದಿನವಂತೂ ಗಂಡಸರು ಒಬ್ಬೊಬ್ಬರಾಗಿ ಮೇಲೆ ಬಂದು, ಸೀನುತ್ತಲೇ ಎರಡು ರೊಟ್ಟಿ ಮುರಿದು, ಕೈ ಒರೆಸುತ್ತಲೇ ಇಳಿದುಹೋಗುತ್ತಾರೆ. ಇಂಥ ಗಡಿಬಿಡಿಯ ನಡುವೆ, ಎರಡು ಸಾವಿರದ ಏಳರ ಜನವರಿಯಲ್ಲಿ, ಮನೆಯ ನಾಯಿ ದಿವಾನದ ಮೇಲಿಂದ ಜಿಗಿದು ಬೆನ್ನು ಕೆಡಿಸಿಕೊಂಡಿತು.

“ಬೀಳಾಕ ಇದಕ್ಕ ಬ್ಯಾರೆ ತಿಂಗಳ ಸಿಗಲಿಲ್ಲೇನು?” ಎಂದರು ಕರಬಸಪ್ಪನವರು. ಮನೆಯ ಹಿರಿಯರು, ನಲವತ್ತು ವರ್ಷದಿಂದ ಮೆಣಸಿನಕಾಯಿ ದಲಾಲಿ ಮಾಡುತ್ತ ಬಂದವರು. ಹಂಗಾಮಿನಲ್ಲಿ ಮನುಷ್ಯರು ಕಾಯಿಲೆ ಬಿದ್ದರೂ ಅವರು ಹೀಗೇ ಕೇಳುತ್ತಿದ್ದರು.

ನಾಯಿಯ ಹೆಸರು ರಾಕಿ. ಹಾಗೆಂದು ಕರೆಯುತ್ತಿದ್ದವಳು ಅವರ ಮೊಮ್ಮಗಳು ಐಶ್ವರ್ಯ ಒಬ್ಬಳೇ. ಐದನೇ ಇಯತ್ತೆಯ ಹುಡುಗಿ. ಉಳಿದವರಿಗೆಲ್ಲ ಅದು ಗಿಡ್ಯಾ. ಉದ್ದನೆಯ ಮೈ, ಆ ಮೈಗೆ ಒಪ್ಪದ ಮೋಟು ಕಾಲು, ನೆಲಕ್ಕೆ ತಾಗುವ ಕಿವಿ. ಬಂದ ದಿನವೇ ಅಜ್ಜಿ ಕರೆವ್ವ “ಎವ್ವಾ, ಎಷ್ಟು ಗಿಡ್ಡ ಐತಿದು” ಎಂದಳು, ಅದೇ ನಿಂತಿತು. ಸೊಸೆ ಶೈಲಾಳ ಅಣ್ಣ ಹಾವೇರಿಯಿಂದ ಬೇರೆ ಊರಿಗೆ ವರ್ಗವಾದಾಗ “ನಾಕು ದಿನ ಇಟ್ಕೋ” ಎಂದು ಬಿಟ್ಟುಹೋದ ನಾಯಿ. ನಾಕು ದಿನ ಮುಗಿದು ಮೂರು ವರ್ಷ ಆಗಿತ್ತು.

ಬಿದ್ದ ಸಂಜೆ ಐಶ್ವರ್ಯ ಟಿ.ವಿ. ನೋಡುತ್ತಿದ್ದಳು. ಗಿಡ್ಯಾ ಎಂದಿನಂತೆ ದಿವಾನದಿಂದ ಧುಮುಕಿತು, ನಯವಾದ ಗ್ರಾನೈಟಿನ ಮೇಲೆ ಮುಂಗಾಲು ಜಾರಿತು, ಕುಂಯ್ ಎಂದು ಒರಲಿ ಅಲ್ಲೇ ಕೂತುಬಿಟ್ಟಿತು. ಎಬ್ಬಿಸಿದರೆ ಹಿಂಗಾಲು ಒಂದಕ್ಕೊಂದು ತೊಡರುತ್ತಿದ್ದವು. ಮರುದಿನ ಐಶ್ವರ್ಯಳ ಅಪ್ಪ ವಿಜಯಮಹಾಂತೇಶ ಮಗಳ ಅಳು ನೋಡಲಾರದೆ, ನಾಯಿಯನ್ನು ಬುಟ್ಟಿಯಲ್ಲಿಟ್ಟು ಹಾವೇರಿಯ ದನದ ಡಾಕ್ಟರ ಹತ್ತಿರ ಒಯ್ದ. ಹುಡುಗಿ ಶಾಲೆ ತಪ್ಪಿಸಿ ಜೊತೆಗೆ ಹೋದಳು. ಡಾಕ್ಟರು ಬೆನ್ನಿನ ಮೇಲೆ ಬೆರಳಾಡಿಸಿ, ಚಿತ್ರ ತೆಗೆಸದೆ ಏನೂ ಹೇಳಲಾಗುವುದಿಲ್ಲ ಎಂದರು.

ನಾಯಿಯ ಎಕ್ಸ್‌ರೇ ಯಾರು ತೆಗೆಯುತ್ತಾರೆ? ವಿಜಯಮಹಾಂತೇಶನ ಜೊತೆ ಓದಿದ ಮಹಮ್ಮದಗೌಸ ರಾಣೆಬೆನ್ನೂರಿನಲ್ಲಿ ಎಕ್ಸ್‌ರೇ ಮಷೀನು ಇಟ್ಟುಕೊಂಡಿದ್ದ. ಮನುಷ್ಯರ ಪಾಳಿ ಮುಗಿಯುವತನಕ ಹೊರಗೆ ಕೂಡಿಸಿ, ಆಮೇಲೆ ಒಳಗೆ ಕರೆದ. “ಹೆಸರು ಏನು ಬರೀಲಿ?” ಎಂದು ಕೇಳಿ, ತಾನೇ ನಕ್ಕು, ಲಕೋಟೆಯ ಮೇಲೆ ‘ಗಿಡ್ಯಾ ವಿಜಯಮಹಾಂತೇಶ, ವಯಸ್ಸು ಮೂರು’ ಎಂದು ಬರೆದ. ಅದನ್ನು ನೋಡಿ ಕರಬಸಪ್ಪನವರಿಗೆ ಮೈ ಉರಿಯಿತು. “ಮನೀ ಹೆಸರು ನಾಯಿ ಬಾಲಕ್ಕ ಕಟ್ಟಿ ಬಂದ್ಯಾ?” ಎಂದು ಮಗನನ್ನು ಕೇಳಿದರು.

ಚಿತ್ರ ನೋಡಿ ಹಾವೇರಿಯ ಡಾಕ್ಟರು ಹೇಳಿದ್ದು ಮಾತ್ರ ನಗುವಂಥದ್ದಾಗಿರಲಿಲ್ಲ. ಬೆನ್ನುಮೂಳೆಯ ನಡುವಿನ ಮಣಿ ಸರಿದಿದೆ. ಒಂದೂವರೆ ತಿಂಗಳು ಗುಳಿಗೆ ಕೊಡಬೇಕು. ಈ ಜಾತಿಯ ಮೈಗೆ ಮೆಟ್ಟಿಲು, ಮಂಚ, ಕುರ್ಚಿ ಎಲ್ಲವೂ ಶತ್ರು. ತಾನಾಗಿ ಹತ್ತಲೂ ಬಿಡಬಾರದು, ಇಳಿಯಲೂ ಬಿಡಬಾರದು. ಎತ್ತಿಕೊಂಡೇ ಒಯ್ಯಬೇಕು, ಅದೂ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ಬಾಗದಂತೆ. “ಇನ್ನೊಮ್ಮೆ ಬಿತ್ತೋ, ಹಿಂಗಾಲು ಹೋದವು ಅಂತ ತಿಳಕೊಳ್ರಿ,” ಎಂದರು. ಐಶ್ವರ್ಯ ಆ ಮಾತು ಕೇಳಿ ಬಂದವಳು ಮನೆ ಪೂರ್ತಿ ಹೊಸದಾಗಿ ನೋಡತೊಡಗಿದಳು. ಎಲ್ಲಿ ನೋಡಿದರೂ ಅವಳಿಗೆ ಎತ್ತರವೇ ಕಾಣುತ್ತಿತ್ತು.

ಮನೆ ಕಟ್ಟಿ ಎರಡೇ ವರ್ಷ. ಗೋದಾಮಿನಿಂದ ಮೇಲೇರುವ ಮೆಟ್ಟಿಲಿಗೆ ಕಪ್ಪು ಗ್ರಾನೈಟ್ ಹಾಕಿಸಿದ್ದು ಕರಬಸಪ್ಪನವರೇ. ಮುಖ ಕಾಣುವಂತೆ ಪಾಲಿಶ್ ಆಗಲೇಬೇಕೆಂದು ಹಟ ಹಿಡಿದವರೂ ಅವರೇ. ಬಂದ ಬೀಗರನ್ನೆಲ್ಲ ಮೊದಲು ಮೆಟ್ಟಿಲ ಹತ್ತಿರ ನಿಲ್ಲಿಸಿ ಮಾತಾಡಿಸುತ್ತಿದ್ದರು. ಈಗ ಆ ಮೆಟ್ಟಿಲೇ ಮನೆಯ ಜಗಳದ ಜಾಗವಾಯಿತು. ನಾಯಿಗೆ ದಿನಕ್ಕೆ ನಾಲ್ಕು ಸಲವಾದರೂ ಹೊರಗೆ ಹೋಗಬೇಕು. ಇಳಿಸುವವರು ಯಾರು?

ಬೆಳಿಗ್ಗೆ ವಿಜಯಮಹಾಂತೇಶ ಇಳಿಸುತ್ತಿದ್ದ. ಮಧ್ಯಾಹ್ನ ಐಶ್ವರ್ಯ ಊಟಕ್ಕೆ ಬಂದಾಗ, ಮತ್ತೆ ಸಂಜೆ ಅವಳೇ. ರಾತ್ರಿ ಶೈಲಾ. ನಡುವೆ ಅವಸರವಾದರೆ ಕರೆವ್ವ ಮೆಟ್ಟಿಲ ಬಾಯಿಗೆ ನಿಂತು ಕೂಗುತ್ತಿದ್ದಳು. ಅವಳ ಮೊಣಕಾಲು ಸ್ವಂತ ಭಾರವನ್ನೇ ಹೊರುತ್ತಿರಲಿಲ್ಲ. ಕೆಳಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರಲ್ಲಿ ಮೈಮುನಾಬಿ ಎದ್ದು ಬರುತ್ತಿದ್ದಳು.

“ನಾ ಮುಟ್ಟಂಗಿಲ್ಲ ನೋಡವ್ವಾ, ನಮಾಜ ಐತಿ. ಬುಟ್ಟ್ಯಾಗ ಇಟ್ಟು ಕೊಡು, ಇಳಸ್ತೇನಿ.”

“ಬುಟ್ಟ್ಯಾಗ ಇಡಾಕ ನಾ ಬಗ್ಗಬೇಕಲ್ಲ?”

“ಹಂಗಾರ ಅದಕ್ಕ ಹೇಳು, ತಾನ ಹತ್ತಿ ಕುಂದ್ರಲಿ.”

ಗಿಡ್ಯಾ ನಿಜಕ್ಕೂ ತಾನೇ ಬುಟ್ಟಿ ಹತ್ತುವುದನ್ನು ಕಲಿಯಿತು. ಬುಟ್ಟಿಯ ಅಂಚು ಗೇಣಿಗಿಂತ ಕಡಿಮೆ ಇತ್ತು, ಅಷ್ಟಕ್ಕೆ ಅಡ್ಡಿಯಿರಲಿಲ್ಲ. ಮೈಮುನಾಬಿ ಬುಟ್ಟಿ ಹೊತ್ತು ಇಳಿಯುವಾಗ ಅದು ಅಂಚಿನ ಮೇಲೆ ಗದ್ದ ಇಟ್ಟುಕೊಂಡು ಹಮಾಲರನ್ನು ನೋಡುತ್ತಿತ್ತು.

ಮನೆಯೊಳಗೆ ಬೇರೆ ಕಥೆ. ಗಿಡ್ಯಾ ಮಲಗುತ್ತಿದ್ದದ್ದು ಕರೆವ್ವನ ಮಂಚದ ಮೇಲೆ, ಅವಳ ಕಾಲಡಿ. ಅದೋ ಹಳೆಯ ಕಾಲದ ಎತ್ತರದ ಮಂಚ, ಕೆಳಗೆ ಎರಡು ಟ್ರಂಕು ಹಿಡಿಯುವಷ್ಟು. ಶೈಲಾ ಹಾಸಿಗೆಯನ್ನು ನೆಲಕ್ಕೆ ಹಾಕಲು ಹೋದಳು.

“ನೆಲದ ಮ್ಯಾಲ ಮಲಗಿದ್ರ ನನ್ನ ಮುಂಜಾನೆ ಎಬ್ಬಸೋರು ಯಾರು?” ಎಂದಳು ಕರೆವ್ವ.

“ನಾ ಎಬ್ಬಸ್ತೇನ್ರಿ ಅತ್ತಿ.”

“ನಾಯಿನ್ನೂ ನೀ ಎತ್ತು, ನನ್ನೂ ನೀ ಎತ್ತು. ರೊಟ್ಟಿ ಯಾರು ಬಡೀತಾರ? ಇಷ್ಟಕ್ಕೂ ಬಂದ ಮಂದಿ ಏನಂದಾರು? ನಾಯಿ ಸಲುವಾಗಿ ಅತ್ತೀನ್ನ ನೆಲಕ್ಕ ಹಾಕ್ಯಾಳ ಅಂತಾರ.”

ಕಡೆಗೆ ಕರೆವ್ವನೇ ಉಪಾಯ ತೆಗೆದಳು. ಪೆಟ್ಟಿಗೆಯಲ್ಲಿ ತಾನು ಹರೆಯದಲ್ಲಿ ಹೊಲಿದ ಕೌದಿಗಳಿದ್ದವು. ಹಳೆ ಸೀರೆ ತುಂಡುಗಳ ದಪ್ಪ ಕೌದಿ. ಅವನ್ನು ಮಡಿಸಿ ಮಂಚದ ಮಗ್ಗುಲಲ್ಲಿ ಒಂದು ಎತ್ತರದ ಥಪ್ಪಿ, ಅದರ ಮುಂದೆ ಇನ್ನೊಂದು ಗಿಡ್ಡ ಥಪ್ಪಿ ಒಟ್ಟಿಸಿದಳು. ಗಿಡ್ಯಾ ಜಿಗಿಯದೆ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿತು, ಇಳಿಯಿತು. ದಿವಾನವನ್ನು ಎತ್ತಿ ಗೋಡೆಗೆ ನಿಲ್ಲಿಸಿದರು. ನಯವಾದ ನೆಲದ ಮೇಲೆ ಅದು ಓಡಾಡುವ ದಾರಿಗೆಲ್ಲ ಶೈಲಾ ಗೋಣಿಚೀಲ ಹಾಸಿದಳು.

ಕರಬಸಪ್ಪನವರು ಮೇಲೆ ಬಂದು ನೋಡಿದರು. “ಗ್ರಾನೈಟ್ ಹಾಕ್ಸಿದ್ದು ಮ್ಯಾಲ ಗೋಣಿಚೀಲ ಹಾಸಾಕೇನು? ಕೆಳಗೂ ಚೀಲ, ಮ್ಯಾಲೂ ಚೀಲ. ನಾ ಮನಿಗೆ ಬಂದೇನೋ ಗೋದಾಮಿಗೆ ಬಂದೇನೋ ನನಗ ತಿಳಿವಲ್ದು.”

“ಒಂದೂವರಿ ತಿಂಗಳು ತಡ್ಕೊಳ್ರಿ ಮಾವಾರ.”

“ಒಂದೂವರಿ ತಿಂಗಳಾದ ಮ್ಯಾಲೆ ಅದರ ಕಾಲು ಉದ್ದ ಬೆಳೀತಾವೇನು?”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೆಟ್ಟಿಲ ಭಯ ನಾಯಿ ಬದುಕಿರುವತನಕದ ಭಯ.

ಮೆಟ್ಟಿಲ ಮೇಲೂ ಚೀಲ ಹಾಸಿ ನೋಡಿದರು. ವಿಜಯಮಹಾಂತೇಶನೇ ಕಾಲಿಟ್ಟು ಚೀಲದ ಸಮೇತ ಜಾರಿ ಸೊಂಟ ಬಡಿಸಿಕೊಂಡ. ಚೀಲ ತೆಗೆದು, ಬಡಿಗೇರನಿಂದ ಮೊಣಕಾಲೆತ್ತರದ ಹಲಗೆ ಕೊಯ್ಯಿಸಿ, ಮೇಲಿನ ಮೆಟ್ಟಿಲಿಗೆ ಅಡ್ಡ, ಗೋಡೆಗೂ ಮೆಟ್ಟಿಲ ಮಗ್ಗುಲಿನ ಕಬ್ಬಿಣದ ಕಟಾಂಜನಕ್ಕೂ ನಡುವೆ ಇಳಿಬಿಟ್ಟ. ಹೋಗುವವರು ಎತ್ತಬೇಕು, ಹೋದ ಮೇಲೆ ಮತ್ತೆ ಇಳಿಬಿಡಬೇಕು. ಇಲ್ಲವೇ ದಾಟಬೇಕು. ಮನೆಯಲ್ಲಿ ಧೋತರ ಉಡುವವರು ಒಬ್ಬರೇ ಇದ್ದರು, ದಾಟುವುದು ಅವರಿಗೇ ಕಷ್ಟವಾಯಿತು.

“ಈ ಹಲಗಿ ನಾಯಿ ಬೆನ್ನು ಉಳಸ್ತೈತಿ, ನನ್ನ ಬೆನ್ನು ಮುರೀತೈತಿ,” ಎಂದರು ಕರಬಸಪ್ಪನವರು ಒಂದು ರಾತ್ರಿ ಊಟಕ್ಕೆ ಕೂತು. “ನಾ ಒಂದು ಮಾತು ಹೇಳ್ಲಿ? ಕರ್ಜಗಿ ಹೊಲದಾಗ ರುದ್ರಮುನಿ ಅದಾನ. ಅಲ್ಲಿ ಹತ್ತಿ ಇಳಿಯೂ ಪಾವಟಿಗಿ ಇಲ್ಲ, ದಿವಾನಿಲ್ಲ, ಮಂಚಿಲ್ಲ. ಎಲ್ಲಾ ಮಣ್ಣು. ನಾಯಿಗೆ ಅದಕ್ಕಿಂತ ಛಲೋ ಜಾಗ ಯಾವುದು?”

ರುದ್ರಮುನಿ ಅವರ ತಮ್ಮ. ಮಾತು ಸರಿಯಾಗಿಯೇ ಇತ್ತು, ಅದೇ ಕಷ್ಟ. ವಿಜಯಮಹಾಂತೇಶ ಸಾರಿನಲ್ಲಿ ಬೆರಳಾಡಿಸಿದ. ಶೈಲಾ ಮಗಳ ಮುಖ ನೋಡಿದಳು.

“ಅಲ್ಲಿ ನಾ ಇಲ್ಲಲ್ಲ ಅಜ್ಜ,” ಎಂದಳು ಐಶ್ವರ್ಯ.

“ನೀ ರಜಾದಾಗ ಹೋಗಿ ಬಾ.”

“ಹೊಲದಾಗ ದೊಡ್ಡ ನಾಯಿ ಅದಾವು. ಇದು ಅವುಗಳ ಜೋಡಿ ಓಡಾಕ ಹೋಗ್ತೈತಿ. ಬ್ಯಾಡ ಅಜ್ಜ. ಹಲಗಿ ಇಳಿಬಿಡೂದು ನಂದು. ಯಾರು ಬಿಟ್ರೂ ನಾ ನೋಡ್ತೇನಿ.”

“ಆತು. ಒಂದು ಸಲ ಆ ಹಲಗಿ ತಪ್ಪಿ, ಅದು ಬಿತ್ತು ಅಂದ್ರ, ಮುಂದಿನ ಮಾತಿಲ್ಲ. ಕರ್ಜಗಿಗೆ. ಒಪ್ಪಿಗೇನು?”

ಹುಡುಗಿ ಒಪ್ಪಿದಳು. ಅಂದಿನಿಂದ ಅವಳಿಗೆ ಪುಸ್ತಕ ಹಿಡಿದರೂ ಕಿವಿ ಮೆಟ್ಟಿಲ ಕಡೆಗೇ. ಯಾರಾದರೂ ಇಳಿದ ಸದ್ದಾದರೆ ಎದ್ದು ಹೋಗಿ ಹಲಗೆ ಮುಟ್ಟಿ ಬರುತ್ತಿದ್ದಳು. ಶಾಲೆಗೆ ಹೋಗುವಾಗ ಅಜ್ಜಿಗೆ ಹೇಳುತ್ತಿದ್ದಳು, ತಾಯಿಗೆ ಹೇಳುತ್ತಿದ್ದಳು, ಕೆಳಗೆ ಮೈಮುನಾಬಿಗೂ ಹೇಳುತ್ತಿದ್ದಳು. ಹತ್ತು ವರ್ಷದ ಹುಡುಗಿಗೆ ಮನೆ ಕಾಯುವ ಮುದುಕಿಯ ಚಿಂತೆ ಹಿಡಿದಿತ್ತು.

ಫೆಬ್ರುವರಿಯ ನಡುವಿನ ಒಂದು ಗುರುವಾರ. ಮಾರುಕಟ್ಟೆಗೆ ಮಾಲು ಬಂದು ಬಿದ್ದಿತ್ತು. ಮಧ್ಯಾಹ್ನ ಐಶ್ವರ್ಯ ಬಂದು ಉಂಡು, ಗಿಡ್ಯಾನನ್ನು ಇಳಿಸಿ ಹತ್ತಿಸಿ, ಹಲಗೆ ಇಳಿಬಿಟ್ಟು ಶಾಲೆಗೆ ಓಡಿದಳು. ಆಮೇಲೆ ಕರಬಸಪ್ಪನವರು ಬಂದರು. ಹಲಗೆ ದಾಟುವಾಗ ಧೋತರದ ಚುಂಗು ಸಿಕ್ಕಿ ಮುಗ್ಗರಿಸಿ, ಗೋಡೆ ಹಿಡಿದು ಉಳಿದುಕೊಂಡರು. ಊಟಕ್ಕೆ ಕೂತರು. ಶೈಲಾ ಬಡಿಸಿ ಅಡುಗೆಮನೆಗೆ ಹೋದಳು, ಕರೆವ್ವ ಒಳಗೆ ನಿದ್ದೆ ಹೋಗಿದ್ದಳು.

ಇಳಿಯುವ ಹೊತ್ತಿಗೆ ಅವರು ಆ ಹಲಗೆಯನ್ನು ಎತ್ತಿ ಗೋಡೆಗೆ ಆನಿಸಿದರು. ಮತ್ತೆ ಹಾಕುವ ಮನಸ್ಸಿರಲಿಲ್ಲ. ಹಾಗೆಂದು ನಾಯಿ ಬೀಳಲಿ ಎಂಬ ಮನಸ್ಸೂ ಅವರಿಗಿರಲಿಲ್ಲ, ಅಷ್ಟು ಕೆಟ್ಟವರಲ್ಲ. ಅಂಗಿಯ ಜೇಬಿಗೆ ಕೈ ಹೋಯಿತು. ಮೆಣಸಿನಕಾಯಿ ವ್ಯಾಪಾರಸ್ಥನ ಜೇಬಿನಲ್ಲಿ ಮಾಲಿನ ನಮೂನೆ ಇದ್ದೇ ಇರುತ್ತದೆ. ಮುಷ್ಟಿ ಕಾಯಿ ತೆಗೆದು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಮೇಲಿನ ಮೆಟ್ಟಿಲ ಉದ್ದಕ್ಕೂ ಗೆರೆ ಎಳೆದಂತೆ ಉದುರಿಸಿದರು. ಮೂಸಿ ನೋಡಿದರೆ ಹಿಂದೆ ಸರಿಯುತ್ತದೆ, ಅಷ್ಟೇ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ನಲವತ್ತು ವರ್ಷ ಊರೂರಿನ ಗಿರಾಕಿಗಳಿಗೆ ಅವರು ಹೇಳಿಕೊಂಡು ಬಂದ ಮಾತು ಅದು: ಮಕ್ಕಳ ಬಾಯಿಗೂ ಹತ್ತುವುದಿಲ್ಲ, ನೋಡ್ರಿ. ಹೇಳಿ ಹೇಳಿ ಅವರೇ ಅದನ್ನು ಪೂರ್ತಿ ನಂಬಿದ್ದರು.

ಕೆಳಗಿಳಿದು ತಿರುಗಿ ನೋಡಿದಾಗ ಗಿಡ್ಯಾ ಅವರ ಹಿಂದೆಯೇ ಬಂದು ಮೆಟ್ಟಿಲ ಅಂಚಿನಲ್ಲಿ ನಿಂತಿತ್ತು. ಅದರ ಮೂಗು ಇರುವುದೇ ನೆಲದ ಮಟ್ಟದಲ್ಲಿ. ಒಮ್ಮೆ ಮೂಸಿತು. ಒಂದರ ಹಿಂದೊಂದು ಸೀನಿತು, ಮುಂಗಾಲಿನಿಂದ ಮುಖ ಉಜ್ಜಿಕೊಂಡಿತು, ಕಾಲಿಗೆ ಹತ್ತಿದ ಪುಡಿ ಕಣ್ಣಿಗೂ ಹೋಯಿತು. ಹಿಂದೆ ಸರಿಯಬೇಕಾದದ್ದು ಕಣ್ಣು ಮುಚ್ಚಿ ಗಿರ್ರನೆ ತಿರುಗಿ ಮುಂದೆ ಬಂತು. ಕರಬಸಪ್ಪನವರು ಕೈ ಚಾಚುವಷ್ಟರಲ್ಲಿ ನಡುವಿನ ತನಕ ಉರುಳಿ ಕಟಾಂಜನಕ್ಕೆ ಬಡಿದು ನಿಂತಿತು.

ಅವರು ಮೊದಲು ಮಾಡಿದ ಕೆಲಸ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾಯಿಯನ್ನು ದಾಟಿ ಮೇಲೆ ಹೋಗಿ, ಹೆಗಲ ಮೇಲಿನ ಟವೆಲಿನಿಂದ ಆ ಮೆಟ್ಟಿಲು ಒರೆಸಿದರು.

ಶೈಲಾ ಕೈ ತುಂಬ ಹಿಟ್ಟಿನೊಂದಿಗೆ ಓಡಿ ಬಂದಳು. “ಏನಾತ್ರಿ? ಅಯ್ಯ ಶಿವನ, ಹಲಗಿ ಯಾರು ತಗದ್ರು?”

ಕರಬಸಪ್ಪನವರು ಬಾಯಿ ತೆರೆದರು.

“ನೀವು ಅದನ್ನ ಮುಟ್ಟಂಗಿಲ್ಲ. ಐಶೂನ ಕಡೀಕ ಎತ್ತಿದಾಕಿ,” ಎಂದಳು ಶೈಲಾ ತಾನೇ. “ಗಡಿಬಿಡಿಯೊಳಗ ಹಾಕೂದು ಬಿಟ್ಟಾಳ. ಸಾವಿರ ಸಲ ಹೇಳಿದ್ದೆ.”

ತೆರೆದ ಬಾಯಿ ಅವರು ಮುಚ್ಚಿದರು. ಆಗ ಒಂದು ಮಾತು ಆಡಿದ್ದರೆ ಅಲ್ಲಿಗೇ ತೀರುತ್ತಿತ್ತು. ಸೊಸೆಯ ಮುಂದೆ, ಕೆಳಗಿನಿಂದ ಕತ್ತು ಎತ್ತಿ ನೋಡುತ್ತಿದ್ದ ಹಮಾಲರ ಮುಂದೆ, ಆ ಮಾತು ಬರಲಿಲ್ಲ. ಸಂಜೆ ನೋಡಿಕೊಂಡರಾಯಿತು ಎಂದುಕೊಂಡರು. ಸಂಜೆಗೆ ಅದು ಇನ್ನೂ ದೊಡ್ಡದಾಗಿತ್ತು.

ಹಾವೇರಿಯ ಡಾಕ್ಟರು ಹಿಂಗಾಲಿನ ಬೆರಳು ಜೋರಾಗಿ ಹಿಂಡಿದರು. ಗಿಡ್ಯಾ ತುಸು ತಿರುಗಿ ನೋಡಿತು, ಕಾಲು ಎಳೆದುಕೊಳ್ಳಲಿಲ್ಲ. ನೋವು ತಿಳಿಯುತ್ತದೆ, ಅಷ್ಟು ಆಸೆ ಇದೆ, ಆದರೆ ನಿಲ್ಲುತ್ತದೋ ಇಲ್ಲವೋ ಹೇಳಲಾರೆ ಎಂದರು. ಇಂಜೆಕ್ಷನ್ ಕೊಟ್ಟು ಕಳಿಸಿದರು. ಮನೆಗೆ ತಂದು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಇಟ್ಟರೆ ಅದು ಮುಂಗಾಲಿನ ಮೇಲೆ ಎದ್ದು, ಹಿಂದಿನ ಅರ್ಧ ಮೈ ತನ್ನದೇ ಅಲ್ಲವೆಂಬಂತೆ ತಿರುಗಿ ತಿರುಗಿ ನೋಡಿಕೊಳ್ಳುತ್ತಿತ್ತು.

“ನಾ ಹಾಕಿದ್ದೆ ಮಮ್ಮಿ,” ಎಂದಳು ಐಶ್ವರ್ಯ ಮೊದಲ ದಿನ. “ಖರೇನ ಹಾಕಿದ್ದೆ. ಕೈಲೇ ಒತ್ತಿ ನೋಡಿದ್ದೆ.”

“ಹಾಕಿದ್ರ ಅದು ಹೆಂಗ ಬಿತ್ತು? ಹಲಗಿ ತಾನ ಎದ್ದು ಗ್ವಾಡಿಗೆ ನಿಲ್ತೇನು?”

ಎರಡನೇ ದಿನವೂ ಹಾಕಿದ್ದೆ ಎಂದಳು, ದನಿ ಸಣ್ಣದಾಗಿತ್ತು. ಮೂರನೇ ದಿನ, ಶನಿವಾರ ರಾತ್ರಿ, ತಟ್ಟೆಯಲ್ಲಿ ರೊಟ್ಟಿ ಹಾಗೇ ಇಟ್ಟುಕೊಂಡು ತಂದೆಯನ್ನು ಕೇಳಿದಳು: “ಪಪ್ಪಾ, ನಾ ಹಾಕಿರಲಿಕ್ಕಿಲ್ಲೇನು? ಹಾಕೇನಿ ಅಂತ ನನಗ ಬರೇ ಅನಸಾಕತ್ತಿರಬೇಕು.”

ವಿಜಯಮಹಾಂತೇಶ ಅವಳ ತಲೆ ಸವರಿದ. “ಇರಲಿ ಬಿಡವ್ವ. ಆಗಿದ್ದು ಆಗಿಹೋತು. ನಾಳೆ ಕರ್ಜಗಿ ಸಣ್ಣಜ್ಜ ಬರ್ತಾನ. ಅಲ್ಲಿ ಅದು ಆರಾಮ ಇರತೈತಿ.”

ಎದುರಿಗೆ ಕೂತ ಕರಬಸಪ್ಪನವರು ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಟ್ಟರು. ಇಡೀ ಮನೆ ಸುಳ್ಳನ್ನು ನಂಬಿದ್ದು ಅವರಿಗೆ ಹೇಗೋ ತಡೆದುಕೊಳ್ಳಲು ಬಂದಿತ್ತು. ಹುಡುಗಿ ತಾನೇ ನಂಬಿದ್ದು ತಡೆದುಕೊಳ್ಳಲು ಬರಲಿಲ್ಲ. ಹಾಗಿದ್ದೂ ಆ ರಾತ್ರಿ ಎದ್ದು ಕೈ ತೊಳೆದರು, ಮಲಗಿದರು.

ರವಿವಾರ ಮಧ್ಯಾಹ್ನ ರುದ್ರಮುನಿ ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಂದ. ಅಣ್ಣನ ಮನೆಗೆ ಬಂದವನು ಹಾಗೇ ಹೋಗುವನೇ? ಶೈಲಾ ಎಣ್ಣೆಗಾಯಿ ಮಾಡಿದ್ದಳು, ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರೂ ಕೂಡಿ ಕೂತದ್ದು ಆ ಹಂಗಾಮಿನಲ್ಲಿ ಅದೇ ಮೊದಲು. ಐಶ್ವರ್ಯ ಉಣ್ಣಲಿಲ್ಲ. ಗಿಡ್ಯಾನ ಪೆಟ್ಟಿಗೆಯ ಹತ್ತಿರ ಕೂತು, ಗುಳಿಗೆಯ ಪೊಟ್ಟಣಗಳನ್ನು ಒಂದು ಚೀಲಕ್ಕೆ ತುಂಬುತ್ತ ರುದ್ರಮುನಿಗೆ ಹೇಳುತ್ತಿದ್ದಳು.

“ಸಣ್ಣಜ್ಜ, ಈ ಬಿಳೇದು ಮುಂಜಾನೆ, ಬೆಲ್ಲದಾಗ ಇಟ್ಟು ಕೊಡು. ಎತ್ತುವಾಗ ಕಂಕುಳಾಗ ಕೈ ಹಾಕಿ ಎಳೀಬ್ಯಾಡ. ಎಂಟು ದಿನ ಹೊರಗ ಬಿಡಬ್ಯಾಡ. ಕಟ್ಟೀ ಮ್ಯಾಲ ಕುಂದ್ರಸಬ್ಯಾಡ, ಅದು ಜಿಗೀತೈತಿ.”

“ಆತವ್ವ.”

“ನಿಮ್ಮ ಮನೀಗೆ ಹೊಸ್ತಿಲಾ ಎಷ್ಟು ಎತ್ತರ ಐತಿ?”

ರುದ್ರಮುನಿ ರೊಟ್ಟಿ ಹಿಡಿದ ಕೈಯಿಂದಲೇ ಎತ್ತರ ತೋರಿಸಿದ. ಹುಡುಗಿ ಅದನ್ನೇ ನೋಡುತ್ತ ಕೂತಳು.

“ಗಿಡ್ಯಾ ಎಲ್ಲೂ ಹೋಗಂಗಿಲ್ಲ,” ಎಂದರು ಕರಬಸಪ್ಪನವರು.

ವಿಜಯಮಹಾಂತೇಶ ತಲೆಯೆತ್ತಿದ. “ಅಪ್ಪಾ, ನೀವ ಫೋನ್ ಮಾಡಿ ಕರಸೀರಿ.”

“ಕರಸೇನಿ. ಹಲಗಿ ತಗದಾಂವ ನಾನು. ಆಕಿ ಹಾಕೇ ಹೋಗಿದ್ಲು. ನಾ ತಗದು ಗ್ವಾಡಿಗೆ ಇಟ್ಟೆ. ನಾಯಿ ಬರಬಾರದು ಅಂತ ಪಾವಟಿಗಿ ಮ್ಯಾಲ ಖಾರ ಉದುರಿಸಿದೆ. ಅದರ ಘಾಟಿಗೇ ಅದು ಬಿತ್ತು.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಖಾರ?” ಎಂದಳು ಕರೆವ್ವ. “ನಾಯಿ ಮೂಗಿಗೆ?”

“ನಮ್ಮ ಕಾಯಿ ಖಾರ ಇರೂದಿಲ್ಲ ಅಂತ...”

“ಬಾಯಿಗೆ ಖಾರ ಇಲ್ಲ ಅಂದ್ರ ಕಣ್ಣಿಗೂ ಇಲ್ಲೇನು? ಒಂದು ಸಲ ನಿಮ್ಮ ಕಣ್ಣಿಗೆ ತಿಕ್ಕೊಂಡು ನೋಡ್ಬೇಕಿತ್ತು. ತೊಟ್ಟು ಮುರಿಯೋ ಹೆಣ್ಮಕ್ಕಳ ಕೈ ಹೆಂಗ ಉರಿತಾವು ಅಂತ ಕೇಳ್ಬೇಕಿತ್ತು.” ಐವತ್ತು ವರ್ಷದ ಸಂಸಾರದಲ್ಲಿ ಕರೆವ್ವ ಗಂಡನಿಗೆ ಮಂದಿಯೆದುರು ಹೀಗೆ ಮಾತಾಡಿದ್ದು ಕಡಿಮೆ.

ವಿಜಯಮಹಾಂತೇಶ ತಟ್ಟೆಯಿಂದ ಎದ್ದ. “ಮೂರು ದಿನ, ಅಪ್ಪಾ. ಮೂರು ದಿನ ಆಕೀನ್ನ ಅಳಿಸಿದ್ರಿ. ನಾವೂ ಬೈದ್ವಿ. ನೀವು ಎದುರಿಗೇ ಕುಂತು ಕೇಳಿದ್ರಿ.”

“ಕೇಳಿದೆ,” ಎಂದರು ಅವರು.

ಐಶ್ವರ್ಯ ಅಜ್ಜನ ಕಡೆ ನೋಡಲೇ ಇಲ್ಲ. ಬಾಗಿಲಿಗೆ ಬಂದು ನಿಂತ ತಾಯಿಗೆ ಮಾತ್ರ ಹೇಳಿದಳು: “ನಾ ಹಾಕಿದ್ದೆ.” ಶೈಲಾ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡು ಅತ್ತಳು. ರುದ್ರಮುನಿ ಖಾಲಿ ಬುಟ್ಟಿಯೊಂದಿಗೆ ಕರ್ಜಗಿಗೆ ಹೋದ.

ಹುಡುಗಿ ಅಂದಿನಿಂದ ಅಜ್ಜನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಮುನಿಸಿನ ಮುಖವಿಲ್ಲ. ಅವರು ಇರುವ ಕೋಣೆಯಲ್ಲಿ ಅವರಿಲ್ಲ ಎಂಬಂತೆ ಇದ್ದಳು. ಕರಬಸಪ್ಪನವರು ಮಾರುಕಟ್ಟೆಯಿಂದ ಬರುತ್ತ ಬಿಸ್ಕಿಟಿನ ಪುಡಿಕೆ ತಂದರು. ಅದು ಕಪಾಟಿನ ಮೇಲೆ ಹಾಗೇ ಉಳಿಯಿತು. ಹಲಗೆಗೆ ಬಿಜಾಗರಿ ಹಚ್ಚಿಸಿ ಸಣ್ಣ ಬಾಗಿಲು ಮಾಡಿಸಿದರು, ನೂಕಿ ಬಿಟ್ಟರೆ ತಾನೇ ಮುಚ್ಚಿಕೊಳ್ಳುವಂತೆ. ಅವಳು ಒಮ್ಮೆ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿ ಸುಮ್ಮನೆ ಹೋದಳು.

ಒಂದು ದಿನ ಓಣಿಯಲ್ಲಿ ಬೀಸುಕಲ್ಲು, ಒಳ್ಳುಕಲ್ಲಿಗೆ ಟಾಕಿ ಹಾಕುವವನು ಕೂಗುತ್ತ ಬಂದ. ಸವೆದು ನಯವಾದ ಕಲ್ಲನ್ನು ಉಳಿಯಿಂದ ಕೊಚ್ಚಿ ತರಿ ಮಾಡುವವನು. ಕರಬಸಪ್ಪನವರು ಕರೆದು ಮೆಟ್ಟಿಲು ತೋರಿಸಿದರು.

“ಇದಕ್ಕ ಟಾಕಿ ಹಾಕು.”

“ಸಾವ್ಕಾರ್ರ, ಇದು ಗ್ರಾನೈಟ್ ಐತ್ರಿ. ಪಾಲಿಶ್ ಹೋಗ್ತೈತಿ. ತಿರುಗಿ ಬರೂದಿಲ್ಲ.”

“ಹೋಗ್ಲಿ. ಕಾಲು ಜಾರಬಾರದು, ಅಷ್ಟ.”

ಎರಡು ದಿನ ಮನೆ ತುಂಬ ಟಣ್ ಟಣ್ ಸದ್ದು. ಕಪ್ಪು ಕನ್ನಡಿಯಂತಿದ್ದ ಮೆಟ್ಟಿಲೆಲ್ಲ ಬೂದು ಬಣ್ಣದ ಚುಕ್ಕೆ ಚುಕ್ಕೆಯಾದವು. ಬೀಗರು ಬಂದರೆ ಏನನ್ನುತ್ತಾರೋ ಎಂದು ಕರೆವ್ವ ಕೂಡ ಹಲುಬಿದಳು. ಐಶ್ವರ್ಯ ಶಾಲೆಯಿಂದ ಬಂದು ಬರಿಗಾಲಲ್ಲಿ ಹತ್ತಿದಳು. ನಡುವೆ ನಿಂತು ಪಾದ ಉಜ್ಜಿ ನೋಡಿದಳು. ಕೆಳಗೆ ತಕ್ಕಡಿಯ ಹತ್ತಿರ ನಿಂತ ಅಜ್ಜ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಆದರೂ ತಿರುಗಿ ನೋಡದೆ ಮೇಲೆ ಹೋದಳು.

ಗಿಡ್ಯಾ ಮಾರ್ಚ್ ಮೊದಲ ವಾರ ಬಾಲ ಅಲ್ಲಾಡಿಸಿತು. ಆಮೇಲೆ ಎಡಗಾಲು ಒತ್ತು ಕೊಡತೊಡಗಿತು, ಬಲಗಾಲು ಎಳೆಯುತ್ತಿತ್ತು. ಶೈಲಾ ಹೊಟ್ಟೆಯ ಕೆಳಗೆ ಟವೆಲು ಹಾಕಿ ಎತ್ತಿ ಹಿಡಿದರೆ ನಾಲ್ಕು ಹೆಜ್ಜೆ ಡೊಂಕಾಗಿ ಹಾಕುತ್ತಿ‌ತ್ತು. ಡಾಕ್ಟರು ಖುಷಿಪಟ್ಟರು, ಖುಷಿಯ ಜೊತೆ ಹೆದರಿಸಿಯೂ ಕಳಿಸಿದರು: ಈಗ ಬಿದ್ದರೆ ಮುಗಿಯಿತು. ಇಳಿಸುವ ಪಾಳಿ ಮತ್ತೆ ಮೊದಲಿನಂತೆ ನಡೆಯಿತು. ಕರಬಸಪ್ಪನವರ ಹೆಸರನ್ನು ಆ ಪಾಳಿಯಲ್ಲಿ ಯಾರೂ ಎತ್ತಲಿಲ್ಲ, ತಾವೂ ಕೇಳುವ ಧೈರ್ಯ ಅವರಿಗಾಗಲಿಲ್ಲ.

ಮಾರ್ಚ್ ಕೊನೆಗೆ ಒಂದು ಸೋಮವಾರ ಹುಡುಗಿಯ ಪರೀಕ್ಷೆ. ಶೈಲಾ ಗುಳಿಗೆ ತರಲು ಬೆಳಗಿನ ಬಸ್ಸಿಗೇ ಹಾವೇರಿಗೆ ಹೋಗಿದ್ದಳು. ವಿಜಯಮಹಾಂತೇಶ ಮಾರುಕಟ್ಟೆಯಲ್ಲಿ. ಮೈಮುನಾಬಿ ಮದುವೆಗೆಂದು ಊರಿಗೆ ಹೋದವಳು ಬಂದಿರಲಿಲ್ಲ. ಐಶ್ವರ್ಯ ಬೆಳಿಗ್ಗೆಯೇ ಗಿಡ್ಯಾನನ್ನು ಇಳಿಸಿ ತಂದಿದ್ದಳು. ಚೀಲ ಹೆಗಲಿಗೇರಿಸುವ ಹೊತ್ತಿಗೆ ಅದು ಮತ್ತೆ ಸಣ್ಣ ಬಾಗಿಲ ಹತ್ತಿರ ತೆವಳಿಹೋಗಿ ಕುಂಯ್‌ಗುಟ್ಟಿತು. ಗುಳಿಗೆಯ ದೆಸೆಯಿಂದ ಅದಕ್ಕೆ ಉಚ್ಚೆ ತಡೆಯಲಾಗುತ್ತಿರಲಿಲ್ಲ. ಕೆಳಗೆ ಶಾಲೆಯ ಆಟೋ ಹಾರ್ನ್ ಹೊಡೆಯಿತು.

ಹುಡುಗಿ ಅಜ್ಜಿಯನ್ನು ನೋಡಿದಳು. ಕರೆವ್ವ ತನ್ನ ಮೊಣಕಾಲು ನೋಡಿಕೊಂಡಳು. ಆಟೋದವನು ಮತ್ತೆ ಹಾರ್ನ್ ಹೊಡೆದ. ಕರಬಸಪ್ಪನವರು ಧೋತರ ಸರಿಮಾಡಿಕೊಳ್ಳುತ್ತ ಪಡಸಾಲೆಯಲ್ಲಿ ನಿಂತಿದ್ದರು.

ಐಶ್ವರ್ಯ ಬಗ್ಗಿ ಗಿಡ್ಯಾನನ್ನು ಎತ್ತಿಕೊಂಡು ಅವರ ಮುಂದೆ ಬಂದು ನಿಂತಳು.

“ಕೈ ಮುಂದ ಮಾಡು,” ಎಂದಳು.

ಅವರು ಮಾಡಿದರು.

“ಹಂಗಲ್ಲ. ಈ ಕೈ ಹಿಂದ ತಾ. ಕೆಳಗ. ಬೆರಳು ಅಗಲ ಮಾಡು.” ನಾಯಿಯನ್ನು ಅವರ ತೋಳಿಗೆ ಇಟ್ಟು, ತನ್ನ ಕೈ ತೆಗೆಯುವ ಮುಂಚೆ ಒಂದು ಗಳಿಗೆ ಹಾಗೇ ಹಿಡಿದುಕೊಂಡಳು. “ಬೀಳಸಬ್ಯಾಡ.”

ಅಷ್ಟೇ. ಬಾಗಿಲು ನೂಕಿ, ಮೆಟ್ಟಿಲಿಳಿದು ಓಡಿದಳು.

ಕರಬಸಪ್ಪನವರು ಮೇಲಿನ ಮೆಟ್ಟಿಲಿಗೆ ಬಂದು ನಿಂತರು. ಎರಡೂ ಕೈ ನಾಯಿಯ ಕೆಳಗೆ. ಕಟಾಂಜನ ಹಿಡಿಯಲು ಕೈಯಿಲ್ಲ, ಧೋತರ ಎತ್ತಲು ಕೈಯಿಲ್ಲ. ಗಿಡ್ಯಾನ ಎದೆ ಅವರ ಅಂಗೈಯಲ್ಲಿ ಪಟಪಟ ಬಡಿಯುತ್ತಿತ್ತು. ಒಂದು ಕಾಲು ಕೆಳಗಿಟ್ಟರು, ಹಿಂದಕ್ಕೆ ತೆಗೆದುಕೊಂಡರು. ಕೆಳಗೆ ತಕ್ಕಡಿಯ ಸುತ್ತ ರೈತರಿದ್ದರು, ದಲಾಲರಿದ್ದರು, ತೊಟ್ಟು ಮುರಿಯುವ ಹೆಂಗಸರಿದ್ದರು.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾಯಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು, ಕುಂಡಿ ಸರಿಸಿ ಒಂದು ಮೆಟ್ಟಿಲು ಇಳಿದರು. ಮತ್ತೆ ಸರಿಸಿ ಇನ್ನೊಂದು. ಟಾಕಿ ಹಾಕಿದ ಕಲ್ಲಿಗೆ ಇಸ್ತ್ರಿಯ ಧೋತರ ಪರಪರ ಎಂದಿತು. ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಹಿಡಿದಳು. ಹಮಾಲ ಶೇಖಪ್ಪ ಚೀಲ ಇಳಿಸಿ ಮೆಟ್ಟಿಲ ಬುಡಕ್ಕೆ ಓಡಿ ಬಂದ.

“ಸಾವ್ಕಾರ್ರ, ಇದೇನ್ರಿ ಇದು? ಕೊಡ್ರಿ ಇಲ್ಲೆ, ನಾ ಇಳಸ್ತೇನಿ.”

ಕರಬಸಪ್ಪನವರು ನಾಯಿಯ ಬೆನ್ನ ಮೇಲಿಂದ ಕಣ್ಣು ಎತ್ತಲಿಲ್ಲ.

“ಬ್ಯಾಡ,” ಎಂದರು. “ನನ್ನ ಕೈಯಾಗ ಕೊಟ್ಟು ಹೋಗ್ಯಾಳ.”

ಮತ್ತೊಂದು ಮೆಟ್ಟಿಲು ಸರಿದರು.